ಅಪ್ಪನ ಹೆಸರಿನ ಪಹಣಿ ವಾರಸುದಾರರ ಹೆಸರಿಗೆ: ಪೌತಿ ಖಾತೆಯಿಂದ ಪಾಲುಪಟ್ಟಿಯವರೆಗೆ

ಯಜಮಾನರು ತೀರಿಕೊಂಡು ಹತ್ತು ಹದಿನೈದು ವರ್ಷ ಕಳೆದರೂ ಪಹಣಿಯ ಒಂಬತ್ತನೇ ಕಾಲಂನಲ್ಲಿ ಅವರ ಹೆಸರೇ ಉಳಿದಿರುವ ಜಮೀನು ನಮ್ಮಲ್ಲಿ ಯಾವ ಹಳ್ಳಿಗೆ ಹೋದರೂ ಸಿಗುತ್ತದೆ. ಬೆಳೆಸಾಲವೋ ಬೆಳೆಹಾನಿ ಪರಿಹಾರವೋ ಕೈತಪ್ಪಿದ ದಿನ ಮಕ್ಕಳು ನಾಡಕಚೇರಿಗೆ ಓಡುತ್ತಾರೆ. ಆ ಅವಸರದಲ್ಲಿ ‘ಸದ್ಯಕ್ಕೆ ಗಂಡುಮಕ್ಕಳ ಹೆಸರು ಸಾಕು’ ಎಂದು ಯಾರೋ ಸಲಹೆ ಕೊಡುತ್ತಾರೆ. ವಿಭಾಗದ, ಅಂದರೆ ಆಸ್ತಿ ಪಾಲಿನ, ದಾವೆಗಳ ಕಡತಗಳನ್ನು ಬಿಡಿಸುತ್ತ ಹೋದ ನನಗೆ, ಹಲವು ಜಗಳಗಳ ಬೇರು ಈ ಒಂದು ಸಲಹೆಯಲ್ಲಿಯೇ ಕಂಡಿದೆ. ತಂದೆ ಉಯಿಲು ಬರೆಯದೆ ತೀರಿಕೊಂಡಾಗ ಕುಟುಂಬ ಯಾವ ಕ್ರಮದಲ್ಲಿ ಮುಂದುವರಿಯಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವ ಕುಟುಂಬಗಳಿಗೆ ಸಂಬಂಧಿಸಿದ ಮಾತು. ಮುಸ್ಲಿಂ ಮತ್ತು ಕ್ರೈಸ್ತ ಕುಟುಂಬಗಳ ನಿಯಮ ಬೇರೆ, ಕರಾವಳಿಯ ಅಳಿಯಸಂತಾನ ಕುಟುಂಬಗಳಿಗೂ ಅದೇ ಕಾಯ್ದೆಯಲ್ಲಿ ಪ್ರತ್ಯೇಕ ಕಲಮುಗಳಿವೆ.

ಮೊದಲನೆಯದು: ಮರಣ ಪ್ರಮಾಣಪತ್ರ

ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ತಡವಾದರೆ ದಂಡವನ್ನೂ ಮೇಲಧಿಕಾರಿಯ ಅನುಮತಿಯನ್ನೂ ದಾಟಬೇಕಾಗುತ್ತದೆ. ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಅದನ್ನು ಪಹಣಿಯ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರವಾಗಿ ಓದಿ ನೋಡಿ. ಪಹಣಿಯಲ್ಲಿ ‘ಸಿದ್ದೇಗೌಡ ಬಿನ್ ಕರಿಗೌಡ’ ಎಂದಿದ್ದು, ಆಧಾರ್ ಮತ್ತು ಮರಣ ಪ್ರಮಾಣಪತ್ರಗಳಲ್ಲಿ ‘ಸಿದ್ದಪ್ಪ’ ಎಂದಿದ್ದರೆ, ಇಬ್ಬರೂ ಒಬ್ಬರೇ ಎಂದು ತೋರಿಸುವ ಅಫಿಡವಿಟ್, ದಾಖಲೆಗಳನ್ನು ಈಗಲೇ ಸಿದ್ಧಪಡಿಸಿಕೊಳ್ಳುವುದು ಮೇಲು.

ಎರಡನೆಯದು: ವಂಶವೃಕ್ಷ

ಇಲ್ಲಿ ಅವಸರ ಬೇಡ. ವಂಶವೃಕ್ಷ ದೃಢೀಕರಣಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತ ಅಧಿಕಾರಿ ಮತ್ತು ಕಂದಾಯ ನಿರೀಕ್ಷಕರು ವಿಚಾರಿಸಿ ವರದಿ ಕೊಡುತ್ತಾರೆ. ಆದರೆ ಅವರಿಗೆ ನಿಮ್ಮ ಮನೆಯ ಮಂದಿಯ ಹೆಸರು ತಿಳಿಯುವುದು ಮುಖ್ಯವಾಗಿ ನೀವು ಬರೆದುಕೊಟ್ಟ ಅಫಿಡವಿಟ್‌ನಿಂದಲೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳು, ತಂದೆಗಿಂತ ಮೊದಲೇ ತೀರಿಕೊಂಡ ಮಗನ ಹೆಂಡತಿ ಮತ್ತು ಮಕ್ಕಳು, ತೀರಿಕೊಂಡ ಮಗಳ ಮಕ್ಕಳು, ಊರು ಬಿಟ್ಟು ಸಂಪರ್ಕವಿಲ್ಲದ ತಮ್ಮ, ದತ್ತು ಹೋದವರು, ದತ್ತು ಬಂದವರು ಎಲ್ಲರೂ ಅದರಲ್ಲಿರಬೇಕು. ದತ್ತು ಹೋದವರಿಗೆ ಹುಟ್ಟಿದ ಮನೆಯಲ್ಲಿ ಪಾಲಿಲ್ಲದಿದ್ದರೂ ಹೆಸರು ಬರೆದು, ದತ್ತು ಹೋದದ್ದನ್ನು ಕಾಣಿಸುವುದೇ ಸರಿ.

ಎಲ್ಲರೂ ಮರೆಯುವ ಒಂದು ಹೆಸರಿದೆ: ಮೃತರ ತಾಯಿ. ಉಯಿಲಿಲ್ಲದೆ ತೀರಿಕೊಂಡ ಗಂಡಸಿನ ಆಸ್ತಿಗೆ ಅವನ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ ಒಂದೇ ದರ್ಜೆಯ, ಸಮಪಾಲಿನ ವಾರಸುದಾರರು. ಲೆಕ್ಕ ಹಾಕಿಯೇ ನೋಡೋಣ. ಒಬ್ಬರು ತಾವೇ ದುಡಿದು ಕೊಂಡ ಐದು ಎಕರೆ ಬಿಟ್ಟು ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಮತ್ತು ಎಂಬತ್ತು ದಾಟಿದ ತಾಯಿ ಇದ್ದಾರೆ. ಪ್ರತಿಯೊಬ್ಬರಿಗೂ ಒಂದೊಂದು ಎಕರೆ. ಅಜ್ಜಿಗೆ ಜಮೀನು ಯಾಕೆ ಎಂದು ಅವರ ಹೆಸರು ಬಿಟ್ಟು, ನಾಲ್ವರ ಹೆಸರಿಗೆ ಖಾತೆ ಮಾಡಿಸಿದರೆನ್ನಿ. ಎರಡು ವರ್ಷದಲ್ಲಿ ಅಜ್ಜಿಯೂ ಉಯಿಲು ಬರೆಯದೆ ಹೋದರೆ, ಅವರ ಒಂದು ಎಕರೆ ಅವರ ಮಕ್ಕಳಿಗೆ ಸೇರುತ್ತದೆ. ಅಜ್ಜಿಗೆ ಈ ಮಗನಲ್ಲದೆ ಒಬ್ಬ ಮಗಳಿದ್ದರೆ, ಅಂದರೆ ಮಕ್ಕಳಿಗೆ ಒಬ್ಬ ಸೋದರತ್ತೆಯಿದ್ದರೆ, ಆಕೆಗೆ 20 ಗುಂಟೆ; ಉಳಿದ 20 ಗುಂಟೆ ತೀರಿಕೊಂಡ ಮಗನ ಮೂವರು ಮಕ್ಕಳಿಗೆ. ಸೊಸೆಗೆ ಇದರಲ್ಲಿ ಭಾಗವಿಲ್ಲ. ‘ಅತ್ತೆ ಎಲ್ಲಿಂದ ಬಂದರು?’ ಎಂದು ಮುಂದೆ ಅಚ್ಚರಿಪಡುವ ಮಕ್ಕಳು ಕೇಳಬೇಕಾದ ಪ್ರಶ್ನೆ, ಅಜ್ಜಿಯ ಹೆಸರು ಎಲ್ಲಿ ಹೋಯಿತು ಎಂಬುದು.

ಮೂರನೆಯದು: ಆಸ್ತಿ ಯಾವ ಬಗೆಯದು?

ಮೇಲಿನ ಲೆಕ್ಕ ಸ್ವಯಾರ್ಜಿತ ಆಸ್ತಿಯದು. ಪಿತ್ರಾರ್ಜಿತವಾದರೆ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುವುದರಿಂದ ಲೆಕ್ಕ ಬದಲಾಗುತ್ತದೆ. ತಂದೆಗೆ ಬರಬೇಕಾಗಿದ್ದ ಪಾಲು ಮಾತ್ರ ವಾರಸುದಾರರಲ್ಲಿ ಹಂಚಿಕೆಯಾಗುತ್ತದೆ. ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಅಜ್ಜನ ಸ್ವಯಾರ್ಜಿತ ಆಸ್ತಿ 1956ರ ನಂತರ ವಾರಸಿನಿಂದ ತಂದೆಗೆ ಬಂದಿದ್ದರೆ ಅದು ತಂದೆಯ ಸ್ವಂತ ಆಸ್ತಿಯೆಂದೇ ಪರಿಗಣಿತವಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1986ರಲ್ಲಿಯೇ ಹೇಳಿದೆ. ಆದ್ದರಿಂದ ಹಳೆಯ ಕ್ರಯಪತ್ರ, ಹಿಂದಿನ ಪಾಲುಪಟ್ಟಿ ಮತ್ತು ಮ್ಯುಟೇಶನ್ ರಿಜಿಸ್ಟರಿನ ನಕಲು, ಅಂದರೆ ಎಂ.ಆರ್. ಪ್ರತಿಗಳನ್ನು ತೆಗೆಸಿ, ಜಮೀನು ಮನೆತನಕ್ಕೆ ಬಂದ ದಾರಿಯನ್ನು ಮೊದಲು ತಿಳಿದುಕೊಳ್ಳಬೇಕು.

ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಇನ್ನೂ ಗೊಂದಲವಿದೆ. ಕರ್ನಾಟಕವು 1994ರಲ್ಲಿಯೇ ತನ್ನದೇ ತಿದ್ದುಪಡಿ ತಂದು ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನ ಹಕ್ಕು ಕೊಟ್ಟಿತ್ತು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ವಾದಕ್ಕೆ, ಬದುಕಿರಬೇಕಾಗಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೆರೆ ಎಳೆಯಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆಗಿರುವ ವಿಭಾಗವನ್ನು ಮಾತ್ರ ಈ ತಿದ್ದುಪಡಿ ಕೆದಕುವುದಿಲ್ಲ. ‘ತಂಗಿಗೆ ಮದುವೆಯಲ್ಲಿ ಕೊಟ್ಟಾಗಿದೆಯಲ್ಲ ಸಾರ್’ ಎಂಬ ಮಾತನ್ನು ಅಣ್ಣಂದಿರು ಬಹಳ ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ಮದುವೆಯ ಖರ್ಚು, ಒಡವೆ ಯಾವುದೂ ಪಾಲಿನ ಹಕ್ಕನ್ನು ಅಳಿಸುವುದಿಲ್ಲ. ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ವಿಭಾಗ ಕೇಳದಂತೆ ತಡೆಯುತ್ತಿದ್ದ 23ನೇ ಕಲಮು ಕೂಡ 2005ರಲ್ಲಿ ರದ್ದಾಗಿದೆ.

ನಾಲ್ಕನೆಯದು: ಪೌತಿ ಖಾತೆ

ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದೇ ಪೌತಿ ಖಾತೆ. ವಾರಸಿನಿಂದ ಹಕ್ಕು ಬಂದದ್ದನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಕಲಮು ಹೇಳುತ್ತದೆ. ತಡವಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಅರ್ಜಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಮತ್ತು ವಾರಸುದಾರರ ಗುರುತಿನ ದಾಖಲೆಗಳನ್ನು ಕೊಟ್ಟ ಮೇಲೆ ಹಿತಾಸಕ್ತರಿಗೆ ನೋಟಿಸು ಹೋಗುತ್ತದೆ. ನಿಗದಿತ ಅವಧಿಯಲ್ಲಿ ಯಾರೂ ತಕರಾರು ಮಾಡದಿದ್ದರೆ ಎಲ್ಲರ ಹೆಸರಿನಲ್ಲಿ ಜಂಟಿ ಖಾತೆಯಾಗುತ್ತದೆ. ತಕರಾರು ಬಂದರೆ ವಿಚಾರಣೆ ನಡೆದು ಆದೇಶವಾಗುತ್ತದೆ. ಅದರ ಮೇಲೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಮನೆ, ನಿವೇಶನಗಳಿಗೆ ಇದೇ ದಾಖಲೆಗಳೊಂದಿಗೆ ಗ್ರಾಮ ಪಂಚಾಯಿತಿಗೋ ನಗರಸಭೆಗೋ ಅರ್ಜಿ ಹಾಕಬೇಕು.

ಒಂದು ಮಾತನ್ನು ಒತ್ತಿ ಹೇಳಬೇಕು: ಖಾತೆಯೆಂದರೆ ಹಕ್ಕುಪತ್ರವಲ್ಲ. ಪಹಣಿಯ ನಮೂದನ್ನು, ತಪ್ಪೆಂದು ರುಜುವಾಗುವವರೆಗೆ, ಸರಿಯೆಂದು ಭಾವಿಸಲಾಗುತ್ತದೆ, ಅಷ್ಟೆ. ಅಣ್ಣನೊಬ್ಬನ ಹೆಸರಿಗೆ ಖಾತೆಯಾದ ಮಾತ್ರಕ್ಕೆ ತಂಗಿಯ ಪಾಲು ಅವನದಾಗುವುದಿಲ್ಲ.

ಐದನೆಯದು: ಪಾಲು ಮಾಡಿಕೊಳ್ಳುವುದು ಅಥವಾ ಬಿಟ್ಟುಕೊಡುವುದು

ಜಂಟಿ ಖಾತೆಯಲ್ಲಿಯೇ ಕೆಲವರು ವರ್ಷಗಟ್ಟಲೆ ನೆಮ್ಮದಿಯಿಂದಿರುತ್ತಾರೆ. ಬೇರೆಯಾಗಬೇಕೆಂದರೆ ವಿಭಾಗ ಪತ್ರವನ್ನು ಬರೆಸಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು. ಊರ ಹಿರಿಯರ ಸಮಕ್ಷಮ ಛಾಪಾ ಕಾಗದದ ಮೇಲೆ ಪಾಲುಪಟ್ಟಿ ಬರೆದು ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ, ಆಸೆಗಣ್ಣಿನ ಮೂರನೆಯವನು ಬಂದ ದಿನ ಅದು ಕೈಕೊಡುತ್ತದೆ. ಒಂದು ಸರ್ವೆ ನಂಬರನ್ನೇ ಒಡೆಯುವುದಾದರೆ ಮೊದಲು ಅಳತೆ ಮಾಡಿಸಿ, ಒಡೆಯುವ ಭಾಗಗಳನ್ನು ತೋರಿಸುವ 11ಇ ನಕ್ಷೆ ಪಡೆಯಬೇಕು. ಬಾವಿ, ಕೊಳವೆಬಾವಿ, ಕಣ ಮತ್ತು ಬಂಡಿದಾರಿ ಯಾರ ಪಾಲಿಗೆ, ಯಾರಿಗೆ ಬಳಕೆಯ ಹಕ್ಕು ಎಂಬುದನ್ನು ಪತ್ರದಲ್ಲಿ ಚಕ್ಕುಬಂದಿಯ (ನಾಲ್ಕು ಗಡಿಗಳ ವಿವರದ) ಜೊತೆಗೇ ಬರೆಸಿ. ಎಕರೆಗಟ್ಟಲೆ ಜಮೀನು ಶಾಂತವಾಗಿ ಹಂಚಿಕೊಂಡವರು ಹತ್ತಡಿ ದಾರಿಗಾಗಿ ಕೋರ್ಟಿಗೆ ಬಂದದ್ದನ್ನು ನೋಡಿದ್ದೇನೆ.

ಅಕ್ಕತಂಗಿಯರು ಮನಃಪೂರ್ವಕವಾಗಿ ಪಾಲು ಬಿಡುವುದಾದರೆ ಹಕ್ಕು ಖುಲಾಸೆ ಪತ್ರವನ್ನು ನೋಂದಾಯಿಸಬೇಕು. ಬಿಳಿ ಹಾಳೆಯ ಮೇಲಿನ ಸಹಿಗೆ ಬೆಲೆಯಿಲ್ಲ. ಅಪ್ರಾಪ್ತ ವಯಸ್ಸಿನ ಮಕ್ಕಳಿಗೆ ವಾರಸಿನಿಂದ ಬಂದ ಪಾಲನ್ನು, ತಾಯಿಯೇ ಆದರೂ, ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಮಾಡಿದರೆ ಆ ಮಗು 18 ತುಂಬಿದ ಮೇಲೆ ಮೂರು ವರ್ಷದೊಳಗೆ ಪ್ರಶ್ನಿಸಬಹುದು. ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಲು ಹೊರಟರೆ, ಅದನ್ನು ಮೊದಲು ಕೊಳ್ಳುವ ಹಕ್ಕು ಉಳಿದ ವಾರಸುದಾರರಿಗಿದೆ ಎಂಬುದು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನಲ್ಲಿದೆ. ಕೃಷಿ ಜಮೀನಿಗೂ ಅದು ಅನ್ವಯಿಸುತ್ತದೆ.

ಬ್ಯಾಂಕಿನ ಹಣ ಮತ್ತು ಉಯಿಲು

ಠೇವಣಿಗೆ ನಾಮಿನಿಯಾದವರು ಹಣ ಪಡೆಯಲು ಅರ್ಹರೇ ಹೊರತು ಅದರ ಒಡೆಯರಲ್ಲ. ಪಡೆದದ್ದನ್ನು ವಾರಸುದಾರರಿಗೆ ಹಂಚಬೇಕು. ಕಂಪನಿ ಷೇರುಗಳ ವಿಚಾರದಲ್ಲಿಯೂ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನೇ ಹೇಳಿದೆ. ನಾಮಿನಿ ಇಲ್ಲದ ದೊಡ್ಡ ಮೊತ್ತಕ್ಕೆ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರವನ್ನು ಬ್ಯಾಂಕು ಕೇಳಬಹುದು. ಆ ಪ್ರಮಾಣಪತ್ರ ಮೃತರಿಗೆ ಬರಬೇಕಾದ ಸಾಲ, ಠೇವಣಿ, ಷೇರುಗಳಿಗೆ ಮಾತ್ರ. ಜಮೀನಿಗೆ ಅದರ ಅಗತ್ಯವೂ ಇಲ್ಲ, ಉಪಯೋಗವೂ ಇಲ್ಲ.

ಪೆಟ್ಟಿಗೆಯ ತಳದಲ್ಲಿ ಉಯಿಲು ಸಿಕ್ಕರೆ ಸ್ವಯಾರ್ಜಿತ ಆಸ್ತಿಯ ಮಟ್ಟಿಗೆ ಮೇಲಿನ ಸಮಪಾಲಿನ ಲೆಕ್ಕ ನಿಲ್ಲುವುದಿಲ್ಲ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ವಿವಾದವಾದರೆ ಅವರಲ್ಲಿ ಒಬ್ಬರಾದರೂ ಬಂದು ನುಡಿಯಬೇಕಾಗುತ್ತದೆ. ಉಯಿಲು ಬರೆಯುವವರು ತಮ್ಮ ಓರಗೆಯ ಗೆಳೆಯರನ್ನೇ ಸಾಕ್ಷಿ ಹಾಕಿಸುವುದು ವಾಡಿಕೆ. ತಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಕರೆಯುವುದು ಜಾಣತನ.

ಒಪ್ಪಂದವಾಗದಿದ್ದರೆ

ವಿಭಾಗದ ದಾವೆಯಲ್ಲಿ ಎಲ್ಲ ವಾರಸುದಾರರನ್ನೂ, ಕುಟುಂಬದ ಎಲ್ಲ ಆಸ್ತಿಗಳನ್ನೂ ಸೇರಿಸಬೇಕು. ಯಾರಿಗೆ ಎಷ್ಟು ಪಾಲು ಎಂದು ಹೇಳುವ ಪ್ರಾಥಮಿಕ ಡಿಕ್ರಿ ಮೊದಲು ಬರುತ್ತದೆ. ನ್ಯಾಯಾಲಯ ನೇಮಿಸಿದ ಕಮಿಷನರ್ ಬಂದು ಅಳೆದು, ಅಂತಿಮ ಡಿಕ್ರಿಯಾದ ಮೇಲೆಯೇ ಇಂತಿಷ್ಟು ನೆಲ ನಿಮ್ಮದೆಂದು ಗುರುತಾಗುವುದು. ದಾವೆಯ ನಡುವೆ ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುತ್ತದೆ, ಅದರ ಮೇಲೆ ಮೇಲ್ಮನವಿಯೂ ಇರುವುದಿಲ್ಲ. ಪಾಲು ಕೇಳಲು ವಕೀಲರ ಫೀಜಿಗೆ ಅಂಜುವ ಹೆಣ್ಣುಮಕ್ಕಳು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ನೇಮಿಸಿಕೊಡಲಾಗುತ್ತದೆ, ಸಹಾಯವಾಣಿಯ ಸಂಖ್ಯೆ 15100.