ಡ್ರೈವರ್ ಇಲ್ಲದ ಟ್ರೈನು, ರಾತ್ರಿ ಹಳಿ ಕೆಲಸ: ನನ್ನ ಅನುಭವ

ಬೆಂಗಳೂರಲ್ಲಿ ಮೂರು ವರ್ಷ ಮೆಟ್ರೋ ಹಳಿ ಕೆಲಸ ಮಾಡಿ ದುಬೈ ಮೆಟ್ರೋಗೆ ಬಂದಾಗ ನನಗೆ ಸ್ವಲ್ಪ ಕೊಬ್ಬಿತ್ತು, ಅಲ್ಲೂ 750 ವೋಲ್ಟ್ ಥರ್ಡ್ ರೈಲು (ಹಳಿ ಪಕ್ಕ ಟ್ರೈನಿಗೆ ಕರೆಂಟ್ ಕೊಡೋ ಕಂಬಿ), ಇಲ್ಲೂ ಅದೇ, ಇನ್ನೇನು ಕಲಿಯೋದಿದೆ ಅಂತ. ಮೊದಲ ವಾರ ಡಿಪೋದಲ್ಲಿ ನಿಂತಿದ್ದೆ, ಎದುರಿಗಿದ್ದ ಟ್ರೈನಿನ ಲೈಟ್ ತಾನಾಗೇ ಹತ್ಕೊಳ್ತು, ಗಾಜಿನ ಹಿಂದೆ ನರಪಿಳ್ಳೆ ಇಲ್ಲ, ಮೆತ್ತಗೆ ಹೊರಟೇ ಹೋಯ್ತು. ಕೊಬ್ಬು ಅವತ್ತೇ ಇಳೀತು.

ಊರಲ್ಲಿ ಏನೇ ಎಡವಟ್ಟಾದ್ರೂ ಕ್ಯಾಬಲ್ಲಿ ಒಬ್ಬ ಆಪರೇಟರ್ ಇದಾನೆ, ಹಾರ್ನ್ ಹೊಡೀತಾನೆ ಅನ್ನೋ ಧೈರ್ಯ ಮನಸಿನ ಮೂಲೇಲಿ ಇರ್ತಿತ್ತು. ಇಲ್ಲಿ 2009ರಲ್ಲಿ ಶುರುವಾದಾಗಿಂದ ಡ್ರೈವರೇ ಇಲ್ಲ. ಟ್ರೈನು ನಾನು ಇಲ್ಲಿದೀನಿ ಅಂತ ಕಂಪ್ಯೂಟರಿಗೆ ಹೇಳ್ತಾ ಹೋಗುತ್ತೆ, ಕಂಪ್ಯೂಟರು ಮುಂದಿನ ಟ್ರೈನ್ ಎಲ್ಲಿದೆ ನೋಡಿ ಬಿಡುತ್ತೆ, ಅದರ ಲೆಕ್ಕದಲ್ಲಿ ಮನುಷ್ಯ ಅನ್ನೋ ಐಟಮ್ಮೇ ಇಲ್ಲ. ಮೈಮೇಲೆ ಕಿತ್ತಳೆ ಜಾಕೆಟ್ ಹಾಕ್ಕೊಂಡು ಯಾರಿಗೆ ತೋರಿಸೋದು? ಗಂಟೆಗೆ 80 ಕಿಮೀ ಅಂದ್ರೆ ಸೆಕೆಂಡಿಗೆ 22 ಮೀಟರ್, ನೀವು ಕತ್ತು ತಿರುಗಿಸೋಷ್ಟರಲ್ಲಿ ಮುಗೀತು.

ಅದಕ್ಕೆ ನಾವು ಹಳಿಗೆ ಇಳಿಯೋ ಮೊದಲು ಕಂಟ್ರೋಲ್ ರೂಮಿನವರ ಸ್ಕ್ರೀನಲ್ಲಿ ಆ ಸೆಕ್ಷನ್ ಬ್ಲಾಕ್ ಆಗಬೇಕು, ಅಂದ್ರೆ ಅಲ್ಲಿಗೆ ಯಾವ ಗಾಡೀನೂ ಬರಬಾರದು. ಅವರು ಬ್ಲಾಕಿನ ನಂಬರ್ ಹೇಳ್ತಾರೆ, ನಾನು ಬರ್ಕೊಂಡು ವಾಪಸ್ ಓದಿ ಹೇಳ್ತೀನಿ, ಒಂದಂಕಿ ತಪ್ಪಿದ್ರೂ ಮೊದಲಿಂದ. ಆಮೇಲೆ ಕರೆಂಟ್ ಆಫ್, ಟೆಸ್ಟರ್ ಇಟ್ಟು ನೋಡೋದು, ಅರ್ತಿಂಗ್ ಕಟ್ಟೋದು (ಅಕಸ್ಮಾತ್ ಕರೆಂಟ್ ಬಂದ್ರೂ ನೆಲಕ್ಕೆ ಹೋಗೋ ಹಾಗೆ). ಹೊಸ ಹುಡುಗರು ಇಲ್ಲೇ ಎಡವೋದು: ಕರೆಂಟ್ ಹೋಯ್ತಲ್ಲಾ ಇನ್ನು ಟ್ರೈನ್ ಬರಲ್ಲ ಅಂತ ಕೂತುಬಿಡ್ತಾರೆ. ರಾತ್ರಿ ಹೊತ್ತು ಓಡಾಡೋ ಮೇಂಟೆನೆನ್ಸ್ ಗಾಡಿ ಡೀಸೆಲ್ದು ಮಾರಾಯ್ರೆ, ಅದಕ್ಕೆ ಥರ್ಡ್ ರೈಲ್ ಯಾಕೆ ಬೇಕು! ಕರೆಂಟ್ ಬೇರೆ, ಬ್ಲಾಕ್ ಬೇರೆ, ಎರಡೂ ಬೇಕು. ಇಷ್ಟೆಲ್ಲಾ ಮುಗಿಸಿ ಕೆಲಸಕ್ಕೆ ಎರಡೂವರೆ ಗಂಟೆ ಸಿಕ್ಕಿದ್ರೆ ಪುಣ್ಯ.

ಬ್ರೇಕ್ ಹೊಡೆಯೋಕೆ ಒಬ್ಬ ಇದ್ರೂ ಸಾಲಲ್ಲ ಅನ್ನೋದಕ್ಕೆ ನಾನು ಹುಡುಗರಿಗೆ ಸಿಂಗಾಪುರದ ಪಾಸಿರ್ ರಿಸ್ ಕಥೆ ಹೇಳ್ತೀನಿ. 2016ರ ಮಾರ್ಚ್ 22, ಹದಿನೈದು ಜನ ಹಳಿ ಪಕ್ಕ ಸಾಲಾಗಿ ನಡ್ಕೊಂಡು ಹೋಗ್ತಿದ್ರು, ಆ ಜಾಗಕ್ಕೆ ಸ್ಪೀಡ್ ಸೊನ್ನೆ ಅಂತ ಸೆಟ್ ಆಗಿರಲಿಲ್ಲ, ಟ್ರೈನ್ ಆಟೋ ಮೋಡಲ್ಲಿ ಬಂತು. ಒಳಗೆ ಡ್ರೈವರ್ ಇದ್ದ, ಎಮರ್ಜೆನ್ಸಿ ಬ್ರೇಕೂ ಹೊಡೆದ, ಆದ್ರೂ ಟ್ರೇನಿಂಗಲ್ಲಿದ್ದ ಇಬ್ರು ಹುಡುಗರು ಹೋಗಿಬಿಟ್ರು.

ಈಗ ನನ್ನದೇ ತಪ್ಪಿಗೆ ಬರ್ತೀನಿ. ನಮ್ಮಲ್ಲಿ ಐಸೋಲೇಶನ್ ಕೀನ, ಅಂದ್ರೆ ಕರೆಂಟ್ ಆಫಲ್ಲೇ ಇರೋ ಹಾಗೆ ಲಾಕ್ ಮಾಡಿದ ಕೀನ, ಒಂದು ಕೆಂಪು ಡಬ್ಬೀಲಿಟ್ಟು ಪ್ರತಿಯೊಬ್ಬರೂ ಅದಕ್ಕೆ ತಮ್ಮ ಬೀಗ ಹಾಕ್ತೀವಿ, ಎಲ್ಲರೂ ತೆಗೆದ್ರೇ ಡಬ್ಬಿ ತೆರೆಯೋದು. ಆಗಸ್ಟ್ ತಿಂಗಳು, ರಾತ್ರಿ 3:40, ಸೆಕೆಗೆ ಶರ್ಟ್ ಹಿಂಡಿದ್ರೆ ನೀರು, ಎಲ್ಲರಿಗೂ ಹೊರಗೆ ಹೋದ್ರೆ ಸಾಕಾಗಿತ್ತು. ಕತ್ತಲಲ್ಲಿ ಹೆಲ್ಮೆಟ್ ಎಣಿಸಿದೆ, ಏಳು. ನಾವೂ ಏಳೇ ಜನ. ಕಂಟ್ರೋಲಿಗೆ ಜಾಗ ವಾಪಸ್ ಕೊಡೋಣ ಅಂತ ರೇಡಿಯೋ ಕೈಗೆ ತಗೊಂಡು ಡಬ್ಬಿ ಎಳೆದೆ, ಬರ್ತಿಲ್ಲ. ನೋಡಿದ್ರೆ ಹಳದಿ ಟೇಪ್ ಸುತ್ತಿದ ಒಂದು ಬೀಗ ಇನ್ನೂ ನೇತಾಡ್ತಿದೆ, ಅದು ನಮ್ಮ ಕುಂದಾಪುರದ ಹುಡುಗಂದು. ಏಳನೇ ಹೆಲ್ಮೆಟ್ ಯಾರದು ಅಂದ್ರೆ ಪಕ್ಕದ ಸಿಗ್ನಲ್ ಗ್ಯಾಂಗಿನವನು, ನೀರು ಕುಡಿಯೋಕೆ ಬಂದು ನಮ್ಮ ಜೊತೆ ನಿಂತಿದ್ದ.

ಕೈ ನಡುಗ್ತಿತ್ತು. ಟಾರ್ಚ್ ಬೆಳಕು ಬಿಟ್ಟು ಕೂಗಿದೆ. ಅರವತ್ತು ಮೀಟರ್ ಆಚೆಯಿಂದ ಅವನು ಆರಾಮಾಗಿ ನಡ್ಕೊಂಡು ಬಂದ, "ಅಣ್ಣಾ, ಸ್ಪ್ಯಾನರ್ ಸಿಕ್ತು" ಅಂತ. ಬಯ್ಯೋಕೆ ಬಾಯಿ ಬರಲಿಲ್ಲ. ಅವತ್ತಿಂದ ತಲೆ ಎಣಿಸೋದು ಬಿಟ್ಟೆ, ಹೆಸರು ಕರೀತೀನಿ, ಅವರು ಓ ಅನ್ನಬೇಕು.