ಮರಸು ಕೂತು ಕಲಿತದ್ದು: ಟೆಕ್ಸಾಸ್‌ನಲ್ಲಿ ಟರ್ಕಿ ಕೋಳಿ ಮತ್ತು ಚುಕ್ಕೆ ಜಿಂಕೆ ಬೇಟೆ

ಚುಕ್ಕೆ ಜಿಂಕೆ ಹೊಡೆದೆ ಅಂದರೆ ನಮ್ಮ ಊರ ಕಡೆ ಯಾರಿಗೂ ಹಿತ ಅನ್ನಿಸುವುದಿಲ್ಲ. ಅನ್ನಿಸಲೂ ಬಾರದು. ಕರ್ನಾಟಕದಲ್ಲಿ ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಅಜ್ಜಂದಿರ ಮಾತಾಯಿತು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಇದು ನಡೆದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ, ಜಂಕ್ಷನ್ ಎಂಬ ಸಣ್ಣ ಊರಿನ ಹತ್ತಿರದ, ದನ ಕುರಿ ಮೇಯಿಸುವ ಒಂದು ದೊಡ್ಡ ಖಾಸಗಿ ರ‍್ಯಾಂಚ್‌ನಲ್ಲಿ. ಅಲ್ಲಿ ನಮ್ಮ ಚುಕ್ಕೆ ಜಿಂಕೆ ಹೊರಗಿನಿಂದ ತಂದು ಬಿಟ್ಟ ಪ್ರಾಣಿ. 1932ರ ಸುಮಾರಿಗೆ ತಂದರು. ಆಮೇಲೆ ಬೇಲಿ ದಾಟಿ, ಹಿಲ್ ಕಂಟ್ರಿ ಅನ್ನುವ ಆ ಗುಡ್ಡಗಾಡಿನ ತುಂಬ ಹಬ್ಬಿಬಿಟ್ಟಿದೆ. ಅಲ್ಲಿನವರು ಅದನ್ನು ಆಕ್ಸಿಸ್ ಅನ್ನುತ್ತಾರೆ.

ನಾನು ಮೂಡಿಗೆರೆ ಕಡೆಯವನು. ಮನೆಯಲ್ಲಿ ತೋಟ ಕಾಯಲು ಅಂತ ಲೈಸೆನ್ಸ್ ಇರುವ ಒಂಟಿ ನಳಿಗೆ ಕೋವಿ ಇತ್ತು. ಚುನಾವಣೆ ಬಂದಾಗ ಅಪ್ಪ ಅದನ್ನು ಸ್ಟೇಷನ್‌ಗೆ ಒಯ್ದು ಕೊಡುತ್ತಿದ್ದರು, ಮುಗಿದ ಮೇಲೆ ವಾಪಸ್ ತರುತ್ತಿದ್ದರು. ನನಗೆ ಕೋವಿಯ ನೆನಪು ಅಂದರೆ ಅಷ್ಟೇ. ಅಜ್ಜ ಮರಸು ಕೂರುತ್ತಿದ್ದ ಕಥೆ ಹೇಳುತ್ತಿದ್ದರು. ಹಣ್ಣು ಬೀಳುವ ಮರದ ಹತ್ತಿರ ಅಟ್ಟಣೆ ಕಟ್ಟಿ ರಾತ್ರಿಯಿಡೀ ಉಸಿರು ಹಿಡಿದು ಕೂರುವುದು. ಆಸ್ಟಿನ್‌ಗೆ ಬಂದು ಹನ್ನೊಂದು ವರ್ಷ ಆದ ಮೇಲೆ, ಒಂದು ಏಪ್ರಿಲ್‌ನಲ್ಲಿ ನಾನೂ ಹಾಗೆ ಕೂತೆ.

ಕಾಗದಪತ್ರದ ಕೆಲಸ ಅಂದುಕೊಂಡದ್ದಕ್ಕಿಂತ ಸುಲಭ. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಷನ್ ಕೋರ್ಸ್ ಮಾಡಲೇಬೇಕು. ನಾನು ಆನ್‌ಲೈನ್‌ನಲ್ಲೇ ಎರಡು ವಾರಾಂತ್ಯ ಕೂತು ಮುಗಿಸಿದೆ. ಟೆಕ್ಸಾಸ್ ನಿವಾಸಿಗೆ ಬೇಟೆ ಲೈಸೆನ್ಸ್ 25 ಡಾಲರ್. ಟರ್ಕಿ ಕೋಳಿಗೆ ಅದರ ಮೇಲೆ 7 ಡಾಲರ್‌ನ ಇನ್ನೊಂದು ಅನುಮತಿ ಬೇಕು. ನನ್ನದು ಗ್ರೀನ್ ಕಾರ್ಡ್, ಹಾಗಾಗಿ ತೊಂದರೆ ಇರಲಿಲ್ಲ. ಎಚ್-1ಬಿ ವೀಸಾದಲ್ಲಿರುವ ಗೆಳೆಯರಿಗೆ ಒಂದು ಮಾತು: ಕೋವಿ ಕೈಗೆ ತೆಗೆದುಕೊಳ್ಳುವ ಮೊದಲೇ ಬೇಟೆ ಲೈಸೆನ್ಸ್ ಜೇಬಿನಲ್ಲಿರಲಿ. ಆ ವೀಸಾದವರು ಕೋವಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ, ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ. ಅನುಮಾನ ಇದ್ದರೆ ಸುಮ್ನೆ ಊಹೆ ಮಾಡಬೇಡಿ, ವಕೀಲರನ್ನು ಕೇಳಿ.

ದುಡ್ಡು ಕೊಟ್ಟು ಒಬ್ಬ ಗೈಡ್‌ನನ್ನು ಗೊತ್ತು ಮಾಡಿಕೊಂಡೆ. ಯಾಕೆ ಬೇಕು ಅಂತ ಹಲವರು ಕೇಳಿದರು. ಟೆಕ್ಸಾಸ್‌ನಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಭೂಮಿ ಖಾಸಗಿಯವರದ್ದು. ಒಡೆಯರ ಒಪ್ಪಿಗೆ ಇಲ್ಲದೆ ಒಂದು ಹೆಜ್ಜೆ ಇಡುವ ಹಾಗಿಲ್ಲ. ನನ್ನಂಥವನಿಗೆ ಜಾಗವೂ ಗೊತ್ತಿಲ್ಲ, ಪ್ರಾಣಿಯೂ ಗೊತ್ತಿಲ್ಲ. ಒಂದು ಟರ್ಕಿ ಹುಂಜ, ಒಂದು ಹೆಣ್ಣು ಜಿಂಕೆ, ಎರಡು ರಾತ್ರಿ ಊಟ ವಸತಿ ಅಂತ ಮಾತಾಡಿಕೊಂಡೆ. ಮುಂಗಡ ಕೊಡುವ ಮೊದಲು ಮೂರು ವಿಷಯ ಕೇಳಿದೆ, ನೀವೂ ಕೇಳಿ. ಬೇಲಿ ಎಷ್ಟು ಎತ್ತರ? ಎಂಟು ಅಡಿ ಬೇಲಿಯೊಳಗಿನ ಪ್ರಾಣಿ ಹೊರಗೆ ಹೋಗಲಾರದು, ಕುಳ್ಳ ಬೇಲಿ ಇದ್ದರೆ ಅದು ತನ್ನಷ್ಟಕ್ಕೆ ಓಡಾಡುವ ಪ್ರಾಣಿ. ನನಗೆ ಬೇಕಾಗಿದ್ದು ಎರಡನೆಯದು. ಗಾಯಗೊಂಡು ತಪ್ಪಿಸಿಕೊಂಡರೆ ಏನು ಲೆಕ್ಕ? ಬಹಳ ಕಡೆ ಒಂದು ಹನಿ ರಕ್ತ ಬಿದ್ದರೂ ಪೂರ್ತಿ ದುಡ್ಡು ಕೊಡಬೇಕು. ಅದು ನ್ಯಾಯವೇ ಅಂತ ನನ್ನ ಅಭಿಪ್ರಾಯ, ಕೈ ತಡೆದು ಈಡು ಹೊಡೆಯುವಂತೆ ಮಾಡುತ್ತದೆ. ಮೂರನೆಯದು, ಮಾಂಸ ಇಡಲು ಕೋಲ್ಡ್ ರೂಮ್ ಇದೆಯಾ?

ಗೈಡ್ ಕಡೆಯ ದರಪಟ್ಟಿಯಲ್ಲಿ ಕೃಷ್ಣಮೃಗವೂ ಇತ್ತು. ಅದೂ ನಮ್ಮಲ್ಲಿಂದಲೇ ಅಲ್ಲಿಗೆ ಹೋದದ್ದು. ಶಾಲೆಯಲ್ಲಿದ್ದಾಗ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಅವು ನೆಗೆದು ನೆಗೆದು ಹೋಗಿದ್ದನ್ನು ನೋಡಿದ್ದೇನೆ. ಅದು ಬೇಡ ಅಂದೆ. ಹಾಗಾದರೆ ಜಿಂಕೆ ಯಾಕೆ ಆಗಬಹುದು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಅಲ್ಲಿನ ಮೂಲ ಜಿಂಕೆಗೆ ಬಿಳಿಬಾಲದ ಜಿಂಕೆ ಅಂತ ಹೆಸರು. ಅದು ಸೊಪ್ಪು, ಚಿಗುರು ತಿಂದೇ ಬದುಕಬೇಕು, ಬರೀ ಹುಲ್ಲು ಅದಕ್ಕೆ ಸಾಲುವುದಿಲ್ಲ. ನಮ್ಮದು ಚಿಗುರನ್ನೂ ತಿನ್ನುತ್ತದೆ, ಚಿಗುರು ಮುಗಿದರೆ ಹುಲ್ಲು ಮೇಯ್ದುಕೊಂಡು ಹಾಯಾಗಿರುತ್ತದೆ. ಬರ ಬಂದ ವರ್ಷ ಸೋಲುವುದು ಅಲ್ಲಿನದೇ. ಹುಲಿ ಇಲ್ಲ, ಸೀಳುನಾಯಿ ಇಲ್ಲ. ರ‍್ಯಾಂಚಿನವರು ಹೆಣ್ಣು ಜಿಂಕೆ ಕಡಿಮೆಯಾಗಲಿ ಅಂತ ಕಾಯುತ್ತಿರುತ್ತಾರೆ. ಹೊರಗಿನ ಪ್ರಾಣಿಗಳಿಗೆ ಅಲ್ಲಿ ಸೀಸನ್ನೂ ಇಲ್ಲ, ಇಷ್ಟೇ ಅನ್ನುವ ಮಿತಿಯೂ ಇಲ್ಲ. ಆ ಲೆಕ್ಕ ನನಗೆ ಒಪ್ಪಿಗೆಯಾಯಿತು.

ಹೊರಡುವ ಮೊದಲು ನಾಲ್ಕು ಶನಿವಾರ ಗುರಿ ಅಭ್ಯಾಸದ ರೇಂಜ್‌ಗೆ ಹೋದೆ. ಟರ್ಕಿಗೆ ಹನ್ನೆರಡು ಬೋರಿನ ಕೋವಿ, ಐದನೇ ನಂಬರ್ ಚರೆ. ದೊಡ್ಡ ಕಾಗದ ಕಟ್ಟಿ ಮೂವತ್ತು, ನಲವತ್ತು, ಐವತ್ತು ಗಜದಿಂದ ಹೊಡೆದು ಚರೆ ಎಷ್ಟು ಹರಡುತ್ತದೆ ಅಂತ ಎಣಿಸಿದೆ. ಟರ್ಕಿಯ ಮೈಗೆ ಹೊಡೆಯುವ ಹಾಗಿಲ್ಲ, ಗುರಿ ತಲೆ ಮತ್ತು ಕತ್ತು. ನಲವತ್ತರ ಆಚೆ ನನ್ನ ಕಾಗದದ ಕತ್ತಿಗೆ ಮೂರೋ ನಾಲ್ಕೋ ಚರೆ ಬಿದ್ದಿದ್ದವು. ಮೂವತ್ತೈದು ಗಜ ನನ್ನ ಗಡಿ ಅಂತ ಅಂದೇ ತೀರ್ಮಾನಿಸಿದೆ.

ಗೈಡ್‌ಗೆ ಅರವತ್ತು ದಾಟಿತ್ತು. ಮಾತು ಕಡಿಮೆ. ಹೋದ ಸಂಜೆಯೇ ಮೂರು ತೋಟಾ ಕೊಟ್ಟು ರೈಫಲ್‌ನಲ್ಲಿ ಗುರಿ ಹೊಡೆಸಿದರು. ಆಮೇಲೆ ಲಾನೋ ನದಿಯ ಕಡೆ ಕರೆದುಕೊಂಡು ಹೋದರು. ಹೊತ್ತು ಮುಳುಗುವಾಗ ಟರ್ಕಿಗಳು ಪೆಕಾನ್ ಮರಗಳ ಮೇಲಕ್ಕೆ ಹಾರಿ ಕೂರುವ ಸದ್ದು ಕೇಳಬೇಕಿತ್ತು. ಒದ್ದೆ ಕಂಬಳಿ ಒದರಿದ ಹಾಗೆ, ಬಡ್ ಬಡ್ ಅಂತ. ಆ ಭಾರಕ್ಕೆ ಕೊಂಬೆ ಬಗ್ಗುವುದು ಆಕಾಶದ ಬೆಳಕಿಗೆ ಕಾಣುತ್ತಿತ್ತು. ಒಂದೊಂದಾಗಿ ಎಣಿಸಿದೆವು. ಹದಿನಾಲ್ಕು. ಬೆಳಿಗ್ಗೆ ಎಲ್ಲಿ ಕೂರಬೇಕು ಅನ್ನುವುದು ಅಲ್ಲೇ ನಿಶ್ಚಯವಾಯಿತು.

ಮರುದಿನ ಐದಕ್ಕೆ ಎದ್ದೆವು. ಮೈಪೂರ್ತಿ ಮರೆಬಣ್ಣದ ಬಟ್ಟೆ, ಮುಖಕ್ಕೆ ಬಲೆ, ಕೈಗೆ ಗ್ಲೌಸ್. ಕೆಂಪು, ಬಿಳಿ, ನೀಲಿ ಮೈಮೇಲೆ ಎಲ್ಲೂ ಇರಬಾರದು, ಕರವಸ್ತ್ರವೂ ಸೇರಿ. ಹುಂಜದ ತಲೆಯ ಬಣ್ಣ ಅದೇ ಮೂರು. ಬೇರೆ ಬೇಟೆಗಾರನ ಕಣ್ಣಿಗೆ ನೀವೇ ಟರ್ಕಿಯಾಗಿ ಕಂಡರೆ ಪ್ರಾಣಕ್ಕೆ ಅಪಾಯ. ಹೆಗಲಿಗಿಂತ ಅಗಲದ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆ. ಅದೂ ಬೆನ್ನ ಹಿಂದಿನ ಅಪಾಯಕ್ಕೇ. ಕೂರುವ ಮೊದಲು ಟಾರ್ಚ್ ಹಾಕಿ ನೆಲ ನೋಡಿ. ಪಾಪಾಸುಕಳ್ಳಿ, ಕೆಂಪಿರುವೆ, ಬುಡುಬುಡಿಕೆ ಹಾವು, ಮೂರೂ ಅಲ್ಲಿವೆ.

ಗೈಡ್ ಗೂಬೆಯ ಹಾಗೆ ಕೂಗಿದರು. ನಮ್ಮಲ್ಲಿ ಗೂಬೆ ಕೂಗಿದರೆ ಅಪಶಕುನ. ಅಲ್ಲಿ ಅದಕ್ಕೆ ರೇಗಿದ ಹಾಗೆ ಹುಂಜ ಮರದ ಮೇಲಿಂದಲೇ ಗಂಟಲು ಕುಲುಕಿ ಉತ್ತರ ಕೊಟ್ಟಿತು. ಎದೆಯೊಳಗೇ ಗುಡುಗಿದ ಹಾಗಾಯಿತು. ಆಮೇಲೆ ಮರದ ಪೆಟ್ಟಿಗೆಯ ಮುಚ್ಚಳ ಉಜ್ಜಿ ಹೇಂಟೆಯ ದನಿ ಹೊರಡಿಸಿದರು. ಮೂರು ಸಲ, ಅಷ್ಟೇ. ನನಗೆ ಇನ್ನೂ ಕರೆಯಲಿ ಅನ್ನಿಸುತ್ತಿತ್ತು. ಅವರು ಪೆಟ್ಟಿಗೆ ನೆಲಕ್ಕಿಟ್ಟು ಸುಮ್ಮನಾದರು. ಸಾಮಾನ್ಯವಾಗಿ ಹುಂಜ ಕೂಗುತ್ತದೆ, ಹೇಂಟೆ ಅದರ ಹತ್ತಿರ ಹೋಗುತ್ತದೆ. ನಾವು ಕೇಳುತ್ತಿರುವುದು ತಿರುಗಾ ಮುರುಗಾ, ಹುಂಜವೇ ಬಾ ಅಂತ. ಜಾಸ್ತಿ ಕರೆದರೆ ಅದು ನಿಂತಲ್ಲೇ ನಿಂತು, ಇವಳೇ ಬರುತ್ತಾಳೆ ಅಂತ ಕಾಯುತ್ತದೆ.

ಇಪ್ಪತ್ತು ನಿಮಿಷಕ್ಕೆ ಬಂತು. ಐವತ್ತು ಗಜದಲ್ಲಿ ಬಾಲ ಬಿಚ್ಚಿ, ರೆಕ್ಕೆ ನೆಲಕ್ಕೆ ಉಜ್ಜುತ್ತ ತಿರುಗಿತು. ಬಾಲದ ತುದಿ ಒಣ ಹುಲ್ಲಿನ ಬಣ್ಣ. ನನಗೆ ತಡೆಯಲಾಗಲಿಲ್ಲ. ಕೋವಿ ಮಂಡಿಯಿಂದ ನಾಲ್ಕು ಬೆರಳು ಮೇಲಕ್ಕೆತ್ತಿದೆ. ಕತ್ತು ನೆಟ್ಟಗಾಯಿತು. ಪಟ್, ಪಟ್ ಅಂತ ಎರಡು ಸದ್ದು. ಹೋಯಿತು. ಗೈಡ್ ಬೈಯಲಿಲ್ಲ. “ಅದಕ್ಕೆ ಮೂಗು ಇಲ್ಲದ ಹಾಗೆ, ಇರುವುದೆಲ್ಲ ಕಣ್ಣು. ಅದರ ತಲೆ ಮರದ ಹಿಂದೆ ಹೋದಾಗ ಮಾತ್ರ ನಿನ್ನ ಕೈ ಅಲ್ಲಾಡಬೇಕು” ಅಂದರು.

ಎರಡನೇ ಬೆಳಿಗ್ಗೆ ಅದೇ ಮಾತು ಹಿಡಿದುಕೊಂಡು ಕೂತೆ. ಮೊದಲು ಎರಡು ಪಡ್ಡೆ ಹುಂಜ ಬಂದವು. ಬಾಲ ಬಿಚ್ಚಿದಾಗ ನಡುವಿನ ಗರಿ ಉದ್ದ, ಪಕ್ಕದ್ದು ಗಿಡ್ಡ, ಅದೇ ಗುರುತು. ಇಪ್ಪತ್ತೈದು ಗಜದಲ್ಲಿ ಹತ್ತು ನಿಮಿಷ ಮೇಯ್ದವು. ಗೈಡ್ ಬೆರಳು ಅಲ್ಲಾಡಿಸಿದರು, ಬೇಡ. ಕಾಲು ಜೋಮು ಹಿಡಿದಿತ್ತು. ಅವು ಹೋದ ಮೇಲೆ ಎಂಟೂಕಾಲಿಗೆ ದೊಡ್ಡದು ಸದ್ದಿಲ್ಲದೆ ಎಡಗಡೆಯಿಂದ ಬಂತು. ಒಂದು ಸೀಡರ್ ಪೊದೆಯ ಹಿಂದೆ ತಲೆ ಮರೆಯಾಯಿತು. ಆಗ ಕೋವಿ ತಿರುಗಿಸಿದೆ. ಹೊರಗೆ ಬಂದು ಕತ್ತು ಚಾಚಿತು. ಮೂವತ್ತು ಗಜ. ಈಡು ಹಾರಿತು, ಅಲ್ಲೇ ಬಿತ್ತು.

ಲೈಸೆನ್ಸಿನ ಟ್ಯಾಗ್ ಹರಿದು ಕಾಲಿಗೆ ಕಟ್ಟಿದೆ. ಅದು ಮೊದಲ ಕೆಲಸ, ಫೋಟೋ ಆಮೇಲೆ. ಎಂಟು ಕೆಜಿ ತೂಗಿತು. ಎದೆಯಿಂದ ಕೂದಲಿನ ಹಾಗೆ ಇಳಿಬಿದ್ದಿರುವ ಗರಿಗೆ ಗಡ್ಡ ಅನ್ನುತ್ತಾರೆ, ಅದು ಒಂಬತ್ತು ಇಂಚು. ಕಪ್ಪು ಅಂತ ದೂರದಿಂದ ಕಂಡಿದ್ದ ಗರಿ, ಹತ್ತಿರ ಹಿಡಿದರೆ ತಾಮ್ರ, ಹಸಿರು, ಮತ್ತೆ ತಾಮ್ರ. ಮುಖದ ನೀಲಿ ನಾನು ನೋಡುತ್ತಿದ್ದ ಹಾಗೆಯೇ ಬೂದಿಯಾಗುತ್ತ ಬಂತು. ತುಂಬ ಹೊತ್ತು ಅದರ ಪಕ್ಕದಲ್ಲೇ ಕೂತಿದ್ದೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಬಹಳ ಕಡೆ ಕಾಡು ಟರ್ಕಿ ಅಳಿದೇ ಹೋಗಿತ್ತು. ಹಿಡಿದು ಸಾಗಿಸಿ, ಮತ್ತೆ ಬಿಟ್ಟು, ಕಾದು ಬೆಳೆಸಿದ್ದಾರೆ. ಅದಕ್ಕೆ ದುಡ್ಡು ಬಂದದ್ದು ಬಹುಪಾಲು ಲೈಸೆನ್ಸಿನಿಂದ, ಮತ್ತೆ 1937ರ ಕಾನೂನಿನಿಂದ ಕೋವಿ ತೋಟಾಗಳ ಮೇಲೆ ಬೀಳುವ ತೆರಿಗೆಯಿಂದ. ನಾನು ಕೊಟ್ಟ 7 ಡಾಲರ್ ಕೂಡ ಅಲ್ಲಿಗೇ ಹೋಗುತ್ತದೆ ಅನ್ನುವುದು ನನಗೆ ಸಮಾಧಾನ.

ಸಂಜೆ ಜಿಂಕೆ. ಒಂದು ದಿಣ್ಣೆಯ ಮೇಲೆ, ಗಾಳಿ ನಮ್ಮ ಮುಖಕ್ಕೆ ಬೀಸುವ ಹಾಗೆ ಕೂತೆವು. ಟರ್ಕಿಗೆ ಕಣ್ಣಾದರೆ ಜಿಂಕೆಗೆ ಕಣ್ಣು, ಕಿವಿ, ಮೂಗು ಮೂರೂ. ಆರೂವರೆಗೆ ಹನ್ನೊಂದರ ಹಿಂಡು ಇಳಿದು ಬಂತು. ಬಂಡೀಪುರದ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ನೋಡುತ್ತೇವಲ್ಲ, ಅದೇ ಚುಕ್ಕೆ, ಅದೇ ಬಿಳಿ ಗಂಟಲು. ಹಿಂದೆ ಮಾತ್ರ ಸುಣ್ಣಕಲ್ಲಿನ ಬೆಟ್ಟ. ಒಂದು ಒಳ್ಳೆಯ ಹೆಣ್ಣು ತೊಂಬತ್ತು ಗಜದಲ್ಲಿ ಅಡ್ಡಡ್ಡ ನಿಂತಿತು. ರೈಫಲ್ ಕೋಲಿನ ಮೇಲೆ ಕೂತಿತ್ತು, ಗುರಿ ಹೆಗಲ ಹಿಂದೆ. ಗೈಡ್ ದುರ್ಬೀನಿನಿಂದ ಕಣ್ಣು ತೆಗೆಯದೆ ಹೇಳಿದರು: “ಹಿಂಗಾಲಿನ ನಡುವೆ ನೋಡು.”

ನೋಡಿದೆ. ಕೆಚ್ಚಲು ತುಂಬಿತ್ತು. ಈ ಜಾತಿಗೆ ಮರಿ ಹಾಕಲು ಇಂಥದ್ದೇ ತಿಂಗಳು ಅಂತ ಇಲ್ಲ, ವರ್ಷದ ಯಾವಾಗ ಬೇಕಾದರೂ ಮರಿ ಇರಬಹುದು. ಐದು ನಿಮಿಷ ಕಳೆದ ಮೇಲೆ ಎತ್ತರದ ಹುಲ್ಲಿನಿಂದ ಮೊಲದ ಗಾತ್ರಕ್ಕಿಂತ ಸ್ವಲ್ಪ ದೊಡ್ಡ ಮರಿ ಎದ್ದು ಬಂದು ಬಾಯಿ ಹಾಕಿತು. ನಾನು ಬೆರಳು ಟ್ರಿಗರ್‌ನಿಂದ ತೆಗೆದು ಪ್ಯಾಂಟಿಗೆ ಒರೆಸಿಕೊಂಡೆ. ಬೆವೆತಿತ್ತು. ಆ ಐದು ನಿಮಿಷ ಗೈಡ್ ಪಕ್ಕದಲ್ಲಿ ಇರದಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ನೆನೆಯುತ್ತೇನೆ. ಮೂರು ದಿನಕ್ಕೆ ನಾನು ಕೊಟ್ಟ ದುಡ್ಡೆಲ್ಲ ಆ ಒಂದು ಮಾತಿಗೇ ಸಂದಿತು ಅಂತ ನನ್ನ ಲೆಕ್ಕ.

ಇನ್ನೂ ಇಪ್ಪತ್ತು ನಿಮಿಷ ಕಾದು, ಕೆಚ್ಚಲು ಒಣಗಿದ, ಹಿಂದೆ ಮರಿಯಿಲ್ಲದ ಹೆಣ್ಣೊಂದನ್ನು ಆರಿಸಿದರು. ಒಂದೇ ಗುಂಡು. ಅರವತ್ತು ಹೆಜ್ಜೆ ಓಡಿ ಬಿತ್ತು. ಉಳಿದವು ಬೆಟ್ಟ ಹತ್ತಿ ನಿಂತು ಕೂಗತೊಡಗಿದವು. ಕ್ವಾವ್, ಕ್ವಾವ್. ಫೋನಿನಲ್ಲಿ ರೆಕಾರ್ಡ್ ಮಾಡಿ ಅಪ್ಪನಿಗೆ ಕಳಿಸಿದೆ. ಊರಿನಲ್ಲಿ ಬೆಳಗಾಗಿತ್ತು, ಕೂಡಲೇ ಫೋನ್ ಮಾಡಿದರು. “ಎಲ್ಲಿದ್ದೀಯೋ? ಹುಲಿ ಗಿಲಿ ಬಂತೇನೋ ಅಲ್ಲಿ?”

ಬಿದ್ದ ಮೇಲೆ ಆತುರ ಮಾಡಲೇಬೇಕಾದ ಕೆಲಸ ಒಂದಿದೆ. ಏಪ್ರಿಲ್ ಸೆಕೆಗೆ ಮಾಂಸ ಬೇಗ ಕೆಡುತ್ತದೆ. ಅರ್ಧ ಗಂಟೆಯೊಳಗೆ ಕರುಳು ತೆಗೆದು, ಚರ್ಮ ಬಿಡಿಸಿ, ಕೋಲ್ಡ್ ರೂಮಿನಲ್ಲಿ ನೇತುಹಾಕಿದೆವು. ಚಾಕು ಹಿಡಿದದ್ದು ನಾನೇ, ಗೈಡ್ ತೋರಿಸಿಕೊಟ್ಟರು. ಮನೆಗೆ ತರುವಾಗ ಐಸ್ ಪೆಟ್ಟಿಗೆಯ ತೂಬು ತೆರೆದಿಟ್ಟಿದ್ದೆ. ಮಾಂಸ ನೀರಿನಲ್ಲಿ ನೆನೆಯಬಾರದು. ಟರ್ಕಿಗೆ ಇನ್ನೊಂದು ನಿಯಮ ಇದೆ: ಮನೆ ಮುಟ್ಟುವವರೆಗೆ ಅದು ಹುಂಜ ಅನ್ನುವುದಕ್ಕೆ ಗುರುತು ಇರಬೇಕು. ಮುಳ್ಳಿರುವ ಒಂದು ಕಾಲೋ ಗಡ್ಡವಿರುವ ಚರ್ಮದ ತುಂಡೋ ಜೊತೆಗಿಡಿ.

ಜಿಂಕೆ ಮಾಂಸದಲ್ಲಿ ಕೊಬ್ಬೇ ಇಲ್ಲ, ವಾಸನೆಯೂ ಇಲ್ಲ. ಕುರಿ ಮಾಂಸದ ಲೆಕ್ಕದಲ್ಲಿ ಬೇಯಿಸಿದರೆ ಮರದ ಚಕ್ಕೆಯ ಹಾಗಾಗುತ್ತದೆ. ಬೆನ್ನಿನ ಪಟ್ಟಿಯನ್ನು ಕಾಳುಮೆಣಸು, ಉಪ್ಪು, ತುಪ್ಪದಲ್ಲಿ ಕಾವಲಿಯ ಮೇಲೆ ಬೇಗ ಹುರಿದು ತೆಗೆದೆ. ತೊಡೆಯನ್ನು ಹಂದಿ ಸಾರಿನ ಮಸಾಲೆ ಹಾಕಿ, ಕೊನೆಗೆ ಎರಡು ಚಮಚ ಕಾಚಂಪುಳಿ ಬಿಟ್ಟು ನಿಧಾನ ಉರಿಯಲ್ಲಿ ಬೇಯಿಸಿದೆ. ಟರ್ಕಿಯ ಕಾಲು ಗಟ್ಟಿ, ಕುಕ್ಕರ್‌ನಲ್ಲಿ ಹನ್ನೆರಡು ಸೀಟಿ ಬೇಕಾಯಿತು. ಎದೆ ಮಾಂಸ ಹೋಳು ಮಾಡಿ ಪಕ್ಕದ ನಾಲ್ಕು ಮನೆಗೆ ಹಂಚಿದೆ, ಊರಿನಲ್ಲಿ ಪಾಲು ಹಾಕುತ್ತಿದ್ದ ಹಾಗೆ. ತೊಡೆಯ ಎರಡು ಪೊಟ್ಟಣ ಫ್ರೀಜರಿನಲ್ಲಿ ಹಾಗೇ ಇವೆ. ಅಪ್ಪ, ಅಮ್ಮ ಆಗಸ್ಟಿನಲ್ಲಿ ಬರುತ್ತಾರೆ. ಸಾರು ತಾನೇ ಮಾಡುತ್ತೇನೆ, ನೀನು ಮುಟ್ಟಬೇಡ ಅಂತ ಅಮ್ಮ ಆಗಲೇ ಹೇಳಿದ್ದಾರೆ.