ಹಂಪಿಯ ಬಂಡೆ ಹತ್ತಲು ಹೊರಡುವ ಮುನ್ನ: ಮೂರು ದಿನದ ಬೌಲ್ಡರಿಂಗ್ ಕ್ಯಾಂಪಿಗೆ ತಯಾರಿ

ಬೌಲ್ಡರಿಂಗಿನಲ್ಲಿ ಹಗ್ಗ ಇರುವುದಿಲ್ಲ. ಮೂರು ನಾಲ್ಕು ಮೀಟರ್ ಎತ್ತರದ ಗುಂಡುಬಂಡೆ, ಕೆಳಗೆ ಹಾಸಿದ ದಪ್ಪ ಫೋಮಿನ ಪ್ಯಾಡು, ಹಿಂದೆ ಕೈ ಚಾಚಿ ನಿಂತ ಒಬ್ಬಿಬ್ಬರು, ಇಷ್ಟೇ ರಕ್ಷಣೆ. ಹತ್ತುವವರು ಒಂದೇ ದಿನದಲ್ಲಿ ಹತ್ತಾರು ಸಲ ಬೀಳುತ್ತಾರೆ. ಮೊದಲ ಸಲ ಗುಂಪಿನ ಜೊತೆ ಹೊರಟವರು ಸಾಮಾನ್ಯವಾಗಿ ಕೇಳುವುದು ‘ಎಷ್ಟು ಪುಲ್-ಅಪ್ ಹೊಡೆಯಲು ಬರಬೇಕು?’ ಎಂದು. ಒಂದೂ ಬರದಿದ್ದರೂ ವಿ0, ವಿ1 ಎನ್ನುವ ಸುಲಭ ದರ್ಜೆಯ ಬಂಡೆಗಳನ್ನು ಹತ್ತಬಹುದು. ಬೀಳಲು ಬರದಿದ್ದರೆ, ಬೆರಳಿನ ಚರ್ಮ ಉಳಿಸಿಕೊಳ್ಳಲು ಗೊತ್ತಿಲ್ಲದಿದ್ದರೆ ಮಾತ್ರ ಎರಡನೇ ದಿನ ಮಧ್ಯಾಹ್ನಕ್ಕೇ ಟೆಂಟಿನಲ್ಲಿ ಕೂರಬೇಕಾಗುತ್ತದೆ. ತಯಾರಿ ಎಂದರೆ ಮುಖ್ಯವಾಗಿ ಇವೆರಡೇ.

ದುಡ್ಡು ಕಟ್ಟುವ ಮೊದಲು

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಬೆಳಿಗ್ಗೆ ಒಂಬತ್ತಕ್ಕೇ ಕಲ್ಲು ಕಾದು, ಬೆವರಿದ ಬೆರಳು ಜಾರತೊಡಗುತ್ತದೆ. ಡಿಸೆಂಬರಿನಲ್ಲೂ ನಡು ಮಧ್ಯಾಹ್ನ ಹತ್ತುವುದಿಲ್ಲ. ಬೆಳಿಗ್ಗೆ ಏಳರಿಂದ ಹತ್ತೂವರೆ, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ಎರಡು ಪಾಳಿ. ‘ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕ್ಲೈಂಬಿಂಗ್’ ಎಂದು ವೇಳಾಪಟ್ಟಿ ಕಳಿಸಿದವರಿಗೆ ಹಂಪಿಯ ಬಿಸಿಲು ಗೊತ್ತಿಲ್ಲ ಅಂತಲೇ ಅರ್ಥ.

ಬಂಡೆ ಹತ್ತುವ ಜಾಗಗಳು ಹೆಚ್ಚಾಗಿ ತುಂಗಭದ್ರೆಯ ಉತ್ತರ ದಂಡೆಯಲ್ಲಿವೆ. ಆನೆಗೊಂದಿ, ಸಣಾಪುರ, ವಿರೂಪಾಪುರ ಗಡ್ಡೆಯ ಸುತ್ತಮುತ್ತ, ಅಂದರೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕು. ಮಂಟಪ, ಗುಡಿ, ಕೋಟೆಗೋಡೆಗೆ ತಾಗಿದ ಕಲ್ಲುಗಳನ್ನು ಮುಟ್ಟುವಂತಿಲ್ಲ. ಹಂಪಿ 1986ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ, ಸಂರಕ್ಷಿತ ಸ್ಮಾರಕದ ಮೇಲೆ ಚಾಕ್ (ಕೈ ಬೆವರದಂತೆ ಹಚ್ಚಿಕೊಳ್ಳುವ ಬಿಳಿ ಪುಡಿ) ಗುರುತು ಬಿದ್ದರೆ ಅದು ಗಂಭೀರ ವಿಷಯ.

ಸಂಘಟಕರಿಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ಮೊದಲನೆಯದು ರಾತ್ರಿ ಟೆಂಟ್ ಎಲ್ಲಿ ಹಾಕುತ್ತಾರೆ ಎನ್ನುವುದು. ‘ಬಂಡೆ ಮೇಲೆ ನಕ್ಷತ್ರ ನೋಡುತ್ತಾ ಮಲಗುವುದು’ ಎಂದರೆ ಆ ಟ್ರಿಪ್ ಬಿಡಿ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಎರಡೂ ಇವೆ, ಕಲ್ಲಿನ ಸಂದಿಗಳೇ ಅವುಗಳ ಮನೆ. ಅನುಮತಿ ಇರುವ ಹೋಮ್‌ಸ್ಟೇ ಅಥವಾ ತೋಟದ ಅಂಗಳದಲ್ಲಿ, ಕಾಂಪೌಂಡು ಮತ್ತು ಶೌಚಾಲಯ ಇರುವ ಕಡೆ ಟೆಂಟ್ ಹಾಕಬೇಕು. ಅನುಮತಿಯನ್ನೂ ಬಾಯಿಬಿಟ್ಟೇ ಕೇಳಿ. ವಿರೂಪಾಪುರ ಗಡ್ಡೆಯ ಅನಧಿಕೃತ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಕೆಡವಿದ್ದನ್ನು ಈ ಭಾಗದವರು ಮರೆತಿಲ್ಲ.

ಆಮೇಲೆ ಲೆಕ್ಕ. ಆರು ಜನಕ್ಕೆ ಒಬ್ಬ ಗೈಡ್ ಇರಬೇಕು. ಅಷ್ಟು ಜನಕ್ಕೆ ಕನಿಷ್ಠ ಮೂರು ಪ್ಯಾಡ್, ಹನ್ನೆರಡು ಜನರ ಗುಂಪಾದರೆ ಆರು. ಗೈಡ್ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿರಬೇಕು, ಹತ್ತುವ ಹೊತ್ತಿನಲ್ಲಿ ಒಂದು ವಾಹನ ಹತ್ತಿರದ ರಸ್ತೆಯಲ್ಲಿ ನಿಂತಿರಬೇಕು. ಮುರಿದ ಕಾಲನ್ನು ಗಂಗಾವತಿಗೋ ಹೊಸಪೇಟೆಗೋ ಸಾಗಿಸಬೇಕಾದಾಗ 108ಕ್ಕೆ ಕರೆ ಮಾಡುವುದು ಸರಿ. ಆದರೆ ಬಂಡೆಗಳ ನಡುವಿನಿಂದ ರಸ್ತೆವರೆಗೆ ಎತ್ತಿಕೊಂಡು ಬರುವವರು ನೀವೇ.

ನಾಲ್ಕು ವಾರ ಮೊದಲು: ಬೀಳುವುದನ್ನು ಕಲಿಯಿರಿ

ಬೆರಳ ಬಲಕ್ಕೆಂದು ಗೋಡೆಗೆ ಹಾಕುವ ಹ್ಯಾಂಗ್‌ಬೋರ್ಡ್ ಹಲಗೆಗೆ ಜೋತು ಬೀಳುವ ಹುಮ್ಮಸ್ಸು ಬೇಡ. ತೋಳಿನ ಸ್ನಾಯು ಮೂರು ವಾರದಲ್ಲಿ ಬಲಿಯುತ್ತದೆ, ಬೆರಳಿನ ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಬಲ ಬಂತೆಂದು ಸಣ್ಣ ಅಂಚಿಗೆ ಬೆರಳು ಮಡಚಿ ಎಳೆದಾಗ ‘ಟಪ್’ ಎನ್ನುವುದು ಉಂಗುರದ ಬೆರಳಿನ ಬುಡ. ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ, ಬಸ್ಕಿ ಹೊಡೆಯಿರಿ, ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲಿ. ಊರಿನಲ್ಲಿ ಕ್ಲೈಂಬಿಂಗ್ ಗೋಡೆ ಇದ್ದರೆ ನಾಲ್ಕೈದು ಸಲ ಹೋಗಿಬನ್ನಿ.

ಬೀಳುವ ಅಭ್ಯಾಸಕ್ಕೆ ದಪ್ಪ ಹಾಸಿಗೆ ಸಾಕು. ಮೊದಲು ನಿಂತಲ್ಲಿಂದಲೇ ಕುಕ್ಕರಗಾಲಿಗೆ ಇಳಿದು ಬೆನ್ನಿನ ಮೇಲೆ ಹಿಂದಕ್ಕೆ ಉರುಳಿ. ಆಮೇಲೆ ಸ್ಟೂಲಿನಿಂದ. ಎರಡೂ ಪಾದ ಒಟ್ಟಿಗೆ, ಭುಜದಷ್ಟು ಅಗಲದಲ್ಲಿ ನೆಲ ಮುಟ್ಟಬೇಕು. ಮಂಡಿ ಬಾಗಬೇಕು, ಆದರೆ ಗದ್ದಕ್ಕೆ ಬಡಿಯುವಷ್ಟಲ್ಲ. ಗದ್ದ ಎದೆಗೆ ಒತ್ತಿರಲಿ, ಕೈಗಳು ಎದೆಯ ಮುಂದೆ ಮಡಚಿರಲಿ. ಹೊಸಬರು ತಪ್ಪುವುದು ಇಲ್ಲೇ, ಬೀಳುವಾಗ ಕೈ ತಾನಾಗಿ ಹಿಂದಕ್ಕೆ ಹೋಗುತ್ತದೆ. ಊರಿದ ಆ ಕೈಯ ಮಣಿಕಟ್ಟೋ ಮೊಣಕೈಯೋ ಇಡೀ ಮೈಭಾರ ಹೊರಬೇಕಾಗುತ್ತದೆ. ಕೈ ಎದೆಯ ಮೇಲೇ ನಿಲ್ಲುವವರೆಗೆ ಐವತ್ತು ಸಲವಾದರೂ ಸರಿ, ಬೀಳಿ.

ಬೆರಳಿನ ಚರ್ಮ

ಹಂಪಿಯ ಗ್ರಾನೈಟಿನಲ್ಲಿ ಹರಳುಗಳು ದಪ್ಪ. ಹತ್ತಿರದಿಂದ ನೋಡಿದರೆ ಬಿಳಿ, ಗುಲಾಬಿ, ಕಪ್ಪು ಕಣಗಳು ಕಲ್ಲುಸಕ್ಕರೆಯ ಪುಡಿಯಂತೆ ಎದ್ದು ನಿಂತಿರುತ್ತವೆ. ಪಾದಕ್ಕೆ ಅದೇ ಹಿಡಿತ, ಬೆರಳಿಗೆ ಅದೇ ಉಪ್ಪುಕಾಗದ. ಲೆಕ್ಕವಿಲ್ಲದೆ ಹತ್ತಿದವರಿಗೆ ಮೂರನೇ ದಿನ ಚಹಾದ ಲೋಟ ಹಿಡಿದರೂ ಬೆರಳ ತುದಿ ಚುರ್ ಎನ್ನುತ್ತದೆ.

ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ. ಹಿಂದಿನ ದಿನ ಕತ್ತರಿಸಿದರೆ ತುದಿ ನೋಯುತ್ತದೆ. ಅಂಗೈಯಲ್ಲಿ, ಬೆರಳ ಬುಡದಲ್ಲಿ ಗಟ್ಟಿಯಾದ ದಡ್ಡು ಇದ್ದರೆ ಉಗುರು ಉಜ್ಜುವ ಪಟ್ಟಿಯಿಂದ ಸಮ ಮಾಡಿ. ಎತ್ತರ ಉಳಿದರೆ ಬಂಡೆಯ ಹಿಡಿಗೆ (ಕೈಯಿಂದ ಹಿಡಿಯುವ ಉಬ್ಬು, ಅಂಚಿಗೆ) ಸಿಕ್ಕಿ ಇಡೀ ಪದರವೇ ಕಿತ್ತು ಬರುತ್ತದೆ. ಕಿತ್ತರೆ, ಜೋತ ಚರ್ಮವನ್ನು ನೇಲ್‌ ಕಟರಿನಿಂದ ಬುಡದವರೆಗೆ ಕತ್ತರಿಸಿ, ಸೋಪು ನೀರಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಟೇಪ್ ಸುತ್ತಬೇಕು. ಬೇಕಾದದ್ದು ಮೆಡಿಕಲ್ ಶಾಪಿನ ಜಿಂಕ್ ಆಕ್ಸೈಡ್ ಟೇಪ್. ಉದ್ದಕ್ಕೆ ಸೀಳಿ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ, ಬೆರಳ ಗಂಟಿನ ಮೇಲೆ ಒಂದು ಸುತ್ತು, ಕೆಳಗೆ ಒಂದು ಸುತ್ತು, ನಡುವೆ ಒಳಬದಿಯಲ್ಲಿ ಕತ್ತರಿಯಾಕಾರ. ಬೆರಳ ತುದಿ ನೀಲಿಯಾದರೆ ಬಿಗಿ ಹೆಚ್ಚಾಗಿದೆ.

ಹತ್ತಿ ಮುಗಿದ ಕೂಡಲೇ ಚಾಕ್ ತೊಳೆಯಿರಿ, ಅದು ಚರ್ಮದ ತೇವ ಹೀರುತ್ತಲೇ ಇರುತ್ತದೆ. ರಾತ್ರಿ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು, ಬೆಳಿಗ್ಗೆ ಮಾತ್ರ ಬೇಡ. ಮೊದಲ ದಿನ ಇನ್ನೂ ಶಕ್ತಿ ಇದೆ ಅನ್ನಿಸುವಾಗಲೇ ನಿಲ್ಲಿಸಿ.

ಚೀಲಕ್ಕೆ ಏನು

ಕ್ಲೈಂಬಿಂಗ್ ಶೂ ಸಂಘಟಕರೇ ಕೊಡುವುದಾದರೆ ಯುಕೆ ಅಳತೆ ಮೊದಲೇ ತಿಳಿಸಿ, ತೆಳು ಕಾಲುಚೀಲ ತನ್ನಿ. ಕೊಳ್ಳುವುದಾದರೆ ಪಾದ ಊದಿರುವ ಸಂಜೆ ಹೊತ್ತು ಹಾಕಿ ನೋಡಿ. ಹೆಬ್ಬೆರಳು ತುದಿಗೆ ತಾಗಬೇಕು, ಹಿಮ್ಮಡಿ ಎದ್ದು ಬರಬಾರದು, ನೋವಾಗಬಾರದು. ಕೊಕ್ಕಿನಂತೆ ಕೆಳಗೆ ಬಾಗಿದ ದುಬಾರಿ ಶೂ ಹೊಸಬರಿಗೆ ಶಿಕ್ಷೆಯೇ ಸರಿ. ಬಂಡೆಗಳ ನಡುವೆ ಪ್ಯಾಡ್ ಹೊತ್ತು ಅರ್ಧ ಗಂಟೆ ನಡೆಯಲು ಹಿಡಿತದ ಬೇರೆ ಶೂ ಬೇಕು. ಚಪ್ಪಲಿಯನ್ನು ಜಾಲಿ ಮುಳ್ಳು ತೂರಿ ಬರುತ್ತದೆ. ಅದೇ ಮುಳ್ಳಿನ ದೆಸೆಯಿಂದ ಗಾಳಿ ತುಂಬುವ ಹಾಸಿಗೆಯೂ ಬೇಡ, ಫೋಮ್ ಮ್ಯಾಟ್ ಸಾಕು.

ಚಾಕ್ ಮೂರು ದಿನಕ್ಕೆ ಒಬ್ಬರಿಗೆ 60 ಗ್ರಾಂ. ಮಂಡಿ ಮುಚ್ಚುವ ಸಡಿಲ ಪ್ಯಾಂಟು, ರಾತ್ರಿ ಚಳಿಗೆ ಸ್ವೆಟರ್, ಹಣೆಗೆ ಕಟ್ಟುವ ಟಾರ್ಚ್, ಟೋಪಿ, ಎರಡು ಲೀಟರಿನ ಎರಡು ಬಾಟಲಿ. ಓಆರ್‌ಎಸ್ ಪೊಟ್ಟಣ ತರುವಾಗ ಅಳತೆ ಗಮನಿಸಿ. ದೊಡ್ಡ ಪೊಟ್ಟಣ ಪೂರಾ ಒಂದು ಲೀಟರಿಗೆ, ಅದನ್ನು ಅರ್ಧ ಲೀಟರಿಗೆ ಸುರಿದು ಕುಡಿದರೆ ಬಾಯಾರಿಕೆ ಹೆಚ್ಚುತ್ತದೆ, ಹೊಟ್ಟೆಯೂ ಕೆಡುತ್ತದೆ. ಉಂಗುರ, ಬಳೆ, ಕಡಗ ಮನೆಯಲ್ಲೇ ಬಿಡಿ. ಕಲ್ಲಿಗೆ ಸಿಕ್ಕಿದ ಉಂಗುರ ಬೆರಳನ್ನೇ ಎಳೆದೊಯ್ಯಬಲ್ಲದು. ಸೆಂಟೂ ಬೇಡ, ಕಾರಣ ಮುಂದಿದೆ.

ಬಂಡೆಯ ಬುಡದಲ್ಲಿ

ಮೊದಲು ಮೇಲೆ ನೋಡಿ, ಚಾಚಿದ ಬಂಡೆಯಡಿ ಹೆಜ್ಜೇನು ಕಟ್ಟಿದೆಯೇ ಎಂದು. ಕಟ್ಟಿದ್ದರೆ ಆ ಬಂಡೆಯೂ ಬೇಡ, ಅದರ ನೆರೆಯದೂ ಬೇಡ. ಹೊಗೆ, ಸೆಂಟಿನ ವಾಸನೆ, ಗದ್ದಲ ಇವು ಅದಕ್ಕೆ ಆಗುವುದಿಲ್ಲ. ಎರಡನೆಯದು, ಇಳಿಯುವ ದಾರಿ ಹುಡುಕಿ. ಹತ್ತುವ ಖುಷಿಯಲ್ಲಿ ಇದನ್ನು ಮರೆತು ಬಂಡೆಯ ನೆತ್ತಿಯಲ್ಲಿ ಸಿಕ್ಕಿಬಿದ್ದವರೇ ಜಾಸ್ತಿ. ಹಿಂಬದಿಯಿಂದ ಸುಮ್ಮನೆ ನಡೆದು ಇಳಿಯಲು ಬಂದರೆ ಮಾತ್ರ ಹತ್ತಿ.

ಪ್ಯಾಡ್ ಹಾಸುವುದು ಹತ್ತುವವರು ಇರುವ ಜಾಗಕ್ಕಲ್ಲ, ಬೀಳುವ ಜಾಗಕ್ಕೆ. ಬಂಡೆ ಹತ್ತುವವರ ಕಡೆಗೆ ಚಾಚಿಕೊಂಡು ಬಾಗಿದ್ದರೆ ಬೀಳುವವರು ಬುಡದಿಂದ ಒಂದು ಮೀಟರ್ ಆಚೆಗೇ ಬೀಳುತ್ತಾರೆ. ನೆಲದಲ್ಲಿ ಕಲ್ಲಿದ್ದರೆ ಮೊದಲು ಅದರ ಸುತ್ತ ಚೀಲ ತುಂಬಿ ಸಮ ಮಾಡಿ. ಎರಡು ಪ್ಯಾಡಿನ ನಡುವೆ ಬೆರಳು ತೂರುವಷ್ಟೂ ಸಂದಿ ಇರಬಾರದು, ಪಾದ ಉಳುಕುವುದು ಅಲ್ಲೇ. ಗಟ್ಟಿ ಫೋಮಿನ ಬದಿ ಮೇಲೆ ಬರಬೇಕು. ಪ್ಯಾಡಿನ ಮೇಲೆ ಬಾಟಲಿ, ಮೊಬೈಲು, ಇನ್ನೊಬ್ಬರ ಕಾಲು ಯಾವುದೂ ಇರಕೂಡದು.

ಸ್ಪಾಟಿಂಗ್ ಎಂದರೆ ಬೀಳುವವರನ್ನು ಎತ್ತಿಕೊಳ್ಳುವುದು ಅಂದುಕೊಂಡವರಿದ್ದಾರೆ. ಅಲ್ಲ, ಅವರನ್ನು ಪ್ಯಾಡಿನ ಕಡೆಗೆ ತಿರುಗಿಸುವುದು, ತಲೆ ಮತ್ತು ಕತ್ತು ಕಲ್ಲಿಗೆ ಬಡಿಯದಂತೆ ನೋಡಿಕೊಳ್ಳುವುದು. ಒಂದು ಕಾಲು ಮುಂದೆ, ಮೊಣಕೈ ಸ್ವಲ್ಪ ಬಾಗಿ, ಹೆಬ್ಬೆರಳು ಬೆರಳುಗಳ ಜೊತೆ ಸೇರಿ, ಕಣ್ಣು ಹತ್ತುವವರ ಸೊಂಟದ ಮೇಲೆ. ಬಿಡಿಸಿಟ್ಟ ಹೆಬ್ಬೆರಳು ಮುರಿಯುತ್ತದೆ.

ಹತ್ತುವ ಮುನ್ನ ಶೂವಿನ ಅಡಿಯನ್ನು ಬಟ್ಟೆಯಿಂದ ಒರೆಸಿ, ಅಂಗೈಯಿಂದ ‘ಕೀಚ್’ ಎನ್ನುವವರೆಗೆ ಉಜ್ಜಿ. ಮರಳಿನ ನಾಲ್ಕು ಕಣ ಅಂಟಿದ್ದರೂ ಪಾದ ಜಾರುತ್ತದೆ. ಒದ್ದೆ ಗ್ರಾನೈಟಿನ ಮೇಲೂ ಹಿಡಿತ ಸಿಗುವುದಿಲ್ಲ, ಆದರೆ ಒಣಗಿದ ಮೇಲೆ ಹತ್ತಬಹುದು. ಬಾದಾಮಿಯ ಮರಳುಗಲ್ಲಿನ ಕಥೆ ಬೇರೆ, ಅದು ನೆನೆದರೆ ಒಳಗೇ ಮೆತ್ತಗಾಗಿ ಹಿಡಿಯೇ ಮುರಿದು ಕೈಗೆ ಬರುತ್ತದೆ. ಮಳೆಯಾದರೆ ಅಲ್ಲಿ ಒಂದೆರಡು ದಿನ ಕಾಯಬೇಕು.

ಊಟ, ನೀರು, ರಾತ್ರಿ

ಬೆಳಗಿನ ಪಾಳಿಗೆ ಮುನ್ನ ಹೊಟ್ಟೆ ತುಂಬ ತಿನ್ನಬೇಡಿ. ಆನೆಗೊಂದಿಯ ಎರಡು ಬಾಳೆಹಣ್ಣು, ಹಿಡಿ ಶೇಂಗಾ ಚಿಕ್ಕಿ ಸಾಕು. ಒಗ್ಗಾಣಿ-ಮಿರ್ಚಿ ಹತ್ತೂವರೆಗೆ ಇಳಿದ ಮೇಲೆ. ದಿನಕ್ಕೆ ನಾಲ್ಕು ಲೀಟರ್ ನೀರು. ನದಿಗೋ ಸಣಾಪುರದ ಕೆರೆಗೋ ಧುಮುಕಬೇಡಿ, ನೀರಿನಡಿಯ ಬಂಡೆಗಳೂ ಸೆಳವೂ ಮೇಲಿನಿಂದ ಕಾಣುವುದಿಲ್ಲ. ತುಂಗಭದ್ರೆಯಲ್ಲಿ ಮೊಸಳೆಯೂ ಇದೆ.

ಇಲ್ಲಿನ ನೆಲಕ್ಕೆ ಟೆಂಟಿನ ಗೂಟ ಸುಲಭಕ್ಕೆ ಇಳಿಯದು. ತನ್ನಷ್ಟಕ್ಕೆ ನಿಲ್ಲುವ ಗುಮ್ಮಟದಂಥ ಟೆಂಟ್ ತಂದು, ಹಗ್ಗಗಳನ್ನು ಕಲ್ಲಿಗೆ ಕಟ್ಟಿ. ಊಟದ ಎಂಜಲು ಟೆಂಟಿನ ಹತ್ತಿರ ಬೇಡ, ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ. ಕತ್ತಲಲ್ಲಿ ಕಾಂಪೌಂಡ್ ದಾಟಬೇಡಿ. ಬೆಳಿಗ್ಗೆ ಶೂವನ್ನು ತಲೆಕೆಳಗು ಮಾಡಿ ಎರಡು ಸಲ ಬಡಿದೇ ಕಾಲಿಡಿ, ಚೇಳಿಗೆ ಅಲ್ಲಿ ಬೆಚ್ಚಗಿರುತ್ತದೆ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ, ಕಾಲು ಅಲುಗಿಸದೆ ನೇರ ಆಸ್ಪತ್ರೆಗೆ.

ಕೊನೆಯ ದಿನ ಬಂಡೆ ಬಿಡುವ ಮುನ್ನ ಹಿಡಿಗಳ ಮೇಲಿನ ಚಾಕನ್ನು ಮೆತ್ತನೆ ಕೂದಲಿನ ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್ ಹರಳುಗಳನ್ನೇ ಕಿತ್ತು ಹಾಕುತ್ತದೆ. ಟೇಪಿನ ಚೂರುಗಳನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳಿ. ಪ್ಯಾಡ್ ಮಡಚುವ ಮೊದಲು ಬಿಸಿಲಿನಲ್ಲಿ ಎರಡೂ ಬದಿಯ ಮೇಲೆ ಕೈಯಾಡಿಸಿ ಜಾಲಿ ಮುಳ್ಳು ತೆಗೆಯಿರಿ. ಒಳಗೇ ಉಳಿದ ಮುಳ್ಳು ಸಿಗುವುದು ಮುಂದಿನ ಗುಂಪಿನವರ ಬೆನ್ನಿಗೆ.